ಕರಪತ್ರವಾದ ಕಟಾವು ಚೀಟಿ

ಮುಧೋಳದ ಕಡೆಯ ಕಾದಂಬರಿಕಾರರೊಬ್ಬರು ತಮ್ಮ ಹೊಸ ಪುಸ್ತಕದ ಪ್ರಚಾರಕ್ಕೆಂದು ಬಾಗಲಕೋಟೆಯ ನನ್ನ ಕಚೇರಿಗೆ ಬಂದಿದ್ದರು. ಒಂದು ಸಕ್ಕರೆ ಕಾರ್ಖಾನೆ, ಅದರ ಅಧ್ಯಕ್ಷ, ಅವನ ಮುಷ್ಟಿಯಲ್ಲಿ ಸುತ್ತಲಿನ ಹಳ್ಳಿಗಳು: ಇಷ್ಟು ಕಥೆ. ಬೆನ್ನುಡಿಗೆ ಅವರು ಬರೆದು ತಂದಿದ್ದು ‘ಅಧಿಕಾರದ ಕರಾಳ ಮುಖವನ್ನು ಅನಾವರಣಗೊಳಿಸುವ ಕೃತಿ’ ಎಂಬ ಸಾಲು. ಇದನ್ನು ಓದಿ ಯಾರೂ ಪುಸ್ತಕವನ್ನು ಕೈಗೆತ್ತಿಕೊಳ್ಳುವುದಿಲ್ಲ. ವಿಡಂಬನೆಯ ದಾರಿ ಹಿಡಿಯೋಣ ಎಂದೆ.

ನಮ್ಮ ಚಿತ್ರಕಾರರು ಮೊದಲು ಅಧ್ಯಕ್ಷನಿಗೆ ದೊಡ್ಡ ಹೊಟ್ಟೆ ಬರೆದು ಬೆರಳಿಗೊಂದು ಉಂಗುರ ತೊಡಿಸಿದ್ದರು. ಬೇಡವೆಂದೆ. ಹೊಟ್ಟೆ ನೋಡಿ ನಕ್ಕವನಿಗೆ ಅಧಿಕಾರ ನಡೆಯುವ ಬಗೆ ತಿಳಿಯುವುದಿಲ್ಲ. ಮೇಲಾಗಿ ನಮ್ಮ ಭಾಗದಲ್ಲಿ ಅಂಥ ಚಿತ್ರ ಕಂಡೊಡನೆ ಜನ ಯಾರದೋ ಹೆಸರು ಹಚ್ಚಿಬಿಡುತ್ತಾರೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮು, ವ್ಯಂಗ್ಯವಾಗಿ ಹೊರಿಸಿದ ಆರೋಪವೂ ಮಾನಹಾನಿಯಾಗಬಹುದು ಎಂದು ನೇರವಾಗಿ ಹೇಳುತ್ತದೆ. ಎರಡು ವರ್ಷದವರೆಗೆ ಸಾದಾ ಸೆರೆವಾಸವಾಗಬಹುದು. ವಿಡಂಬನೆ ಬರೆಯುವ ಪ್ರತಿಯೊಬ್ಬರೂ ಈ ಕಲಮನ್ನು ಒಮ್ಮೆ ಓದಿಟ್ಟುಕೊಳ್ಳಬೇಕು.

ನನಗೆ ದಾರಿ ತೋರಿಸಿದ್ದು ಶ್ರೀಕೃಷ್ಣ ಪಾರಿಜಾತ. ಕುಲಗೋಡು ತಮ್ಮಣ್ಣನ ಹೆಸರಿನೊಂದಿಗೆ ಬೆಸೆದುಕೊಂಡು ನಮ್ಮ ಜಾತ್ರೆಗಳಲ್ಲಿ ಬೆಳತನಕ ನಡೆಯುತ್ತ ಬಂದ ಆ ಆಟದಲ್ಲಿ ನಗು ಹುಟ್ಟುವುದು ಸತ್ಯಭಾಮೆಯ ರೂಪದಿಂದಲ್ಲ, ಅವಳ ಗರ್ವದಿಂದ. ಭಾಗವತ, ದೂತಿಯರ ಮಾತು ಆ ಗರ್ವವನ್ನೇ ಕೆಣಕುತ್ತದೆ. ಹಾಗಾದರೆ ನಮ್ಮ ಕಥೆಯ ಅಧ್ಯಕ್ಷನ ಗರ್ವ ಎಲ್ಲಿ ಕೂತಿದೆ?

ಕಟಾವು ಚೀಟಿಯಲ್ಲಿ, ಅಂದರೆ ಕಬ್ಬನ್ನು ಯಾವಾಗ ಕಡಿಯಬೇಕೆಂದು ಕಾರ್ಖಾನೆ ರೈತನಿಗೆ ಕೊಡುವ ಅಪ್ಪಣೆಯಲ್ಲಿ. ಬಲಿತ ಕಬ್ಬನ್ನು ಹೊತ್ತಿಗೆ ಸರಿಯಾಗಿ ಕಡಿಯದಿದ್ದರೆ ಅದು ಒಣಗುತ್ತದೆ, ತೂಕ ಇಳಿಯುತ್ತದೆ. ರೈತನಿಗೆ ಹಣ ಸಿಗುವುದು ತೂಕದ ಲೆಕ್ಕದಲ್ಲಿ. ಯಾರನ್ನೂ ಹೊಡೆಯದೆ, ಬಯ್ಯದೆ, ಚೀಟಿಯನ್ನು ಒಂದು ತಿಂಗಳು ತಡೆಹಿಡಿದರೆ ಸಾಕು, ಮನೆ ಮಂದಿಯೆಲ್ಲ ಬಾಗುತ್ತಾರೆ. ಕಾದಂಬರಿಯ ಜೀವಾಳ ಇದೇ. ಹಾಗಾಗಿ ಕರಪತ್ರವನ್ನೇ ಚೀಟಿಯಂತೆ ಮಾಡಿದೆವು: ಹಳದಿ ಕಾಗದ, ನೇರಳೆ ಮೊಹರು, ಇಲ್ಲದ ಕಾರ್ಖಾನೆಯೊಂದರ ಹೆಸರು. ಒಳಗೆ, ಕಬ್ಬಿನ ಹೂವಾದ ಸೂಲಂಗಿಯ ಬಗ್ಗೆ, ಕಚೇರಿಯ ಭಾಷೆಯಲ್ಲೇ ಹೀಗೆ ಬರೆದೆವು:

‘ಅಧ್ಯಕ್ಷರ ಪೂರ್ವಾನುಮತಿ ಇಲ್ಲದೆ ಕಬ್ಬು ಸೂಲಂಗಿ ಬಿಡತಕ್ಕದ್ದಲ್ಲ. ಈಗಾಗಲೇ ಬಿಟ್ಟಿದ್ದಲ್ಲಿ ಕಾರಣವನ್ನು ಕಬ್ಬಿನಿಂದಲೇ ಲಿಖಿತವಾಗಿ ಪಡೆದು, ಮೂರು ಪ್ರತಿಗಳಲ್ಲಿ ಸಲ್ಲಿಸತಕ್ಕದ್ದು. ಸರದಿ ಸಂಖ್ಯೆ: ಅಧ್ಯಕ್ಷರಿಗೆ ನೆನಪಾದಾಗ.’

ಒಂದು ಅಕ್ಷರವೂ ನಗುವಂತೆ ಕಾಣಬಾರದು ಎಂದು ಹಟ ಹಿಡಿದೆ. ಕಾದಂಬರಿಕಾರರು ಕೊನೆಯಲ್ಲಿ ಎರಡು ಆಶ್ಚರ್ಯಸೂಚಕ ಚಿಹ್ನೆ ಸೇರಿಸಿದ್ದರು, ತೆಗೆಸಿದೆ. ಆಜ್ಞೆ ಗಂಭೀರವಾಗಿದ್ದಷ್ಟೂ ಅದರ ಹುಚ್ಚುತನ ಎದ್ದು ಕಾಣುತ್ತದೆ. ಆದರೆ ಯಾರೂ ಅದನ್ನು ನಿಜವಾದ ಚೀಟಿ ಎಂದು ನಂಬಿ ಕಾರ್ಖಾನೆಗೆ ಅಲೆಯಬಾರದಲ್ಲ. ಕೆಳಗೆ ದಪ್ಪ ಅಕ್ಷರದಲ್ಲಿ ‘ಇದು ಕಾದಂಬರಿಯ ಪ್ರಚಾರ’ ಎಂದು ಹಾಕಿಸಿದೆವು. ಬೆಲೆಯೂ ಅಲ್ಲಿಯೇ ಇತ್ತು.

ಕಾದಂಬರಿಯಲ್ಲಿ ಒಬ್ಬ ವಿಧವೆ ಇದ್ದಾಳೆ. ಚೀಟಿ ಬರುವಷ್ಟರಲ್ಲಿ ಅವಳ ಎರಡು ಎಕರೆ ಕಬ್ಬು ಸೌದೆಯಾಗಿರುತ್ತದೆ. ಅವಳ ಬಗ್ಗೆಯೂ ಒಂದು ಚುಟುಕು ಸಾಲು ಬೇಕು ಎಂದು ಪ್ರಕಾಶಕರು ಕೇಳಿದರು. ನಾನು ಒಪ್ಪಲಿಲ್ಲ. ಅವಳ ದುಃಖವನ್ನು ನಗೆಯ ಸರಕು ಮಾಡಿದರೆ ಅಧ್ಯಕ್ಷ ಮಾಡಿದ್ದನ್ನೇ ನಾವೂ ಮಾಡಿದಂತೆ. ಚೀಟಿಯಲ್ಲಿ ರೈತರ ಹೆಸರಿನ ಜಾಗವನ್ನು ಮಾತ್ರ ಅವಳಿಗಾಗಿ ಖಾಲಿ ಬಿಟ್ಟೆವು.

ಮುಧೋಳದ ಬಸ್ ನಿಲ್ದಾಣದ ಹತ್ತಿರದ ಚಹಾದ ಅಂಗಡಿಯಲ್ಲಿ ಹಿರಿಯರೊಬ್ಬರಿಗೆ ಒಂದು ಪ್ರತಿ ಕೊಟ್ಟೆ. ಸೂಲಂಗಿಯ ಸಾಲಿಗೆ ಬಂದಾಗ ಕೈಯಲ್ಲಿದ್ದ ಚಹಾ ತುಳುಕುವಷ್ಟು ನಕ್ಕರು, ಪಕ್ಕದವರಿಗೂ ಓದಿ ಹೇಳಿದರು. ಆಮೇಲೆ ಖಾಲಿ ಗೆರೆಯ ಮೇಲೆ ಹೆಬ್ಬೆರಳು ಇಟ್ಟು, “ಇಲ್ಲಿ ಹೆಸರೇ ಇಲ್ಲವಲ್ಲ, ತಮ್ಮಾ. ಯಾರದು ಈ ಚೀಟಿ?” ಎಂದು ಕೇಳಿದರು. ಚೀಲದಿಂದ ಪುಸ್ತಕ ತೆಗೆದು ಆ ಹೆಣ್ಣುಮಗಳ ಅಧ್ಯಾಯವನ್ನು ಬಿಡಿಸಿ ಅವರ ಕೈಗಿತ್ತೆ.