ನಮ್ಮ ಕರಾವಳಿ ಅಡ್ಡ ಮಲಗಿದ್ದ ನಕ್ಷೆ

2006ರ ಅಕ್ಟೋಬರಿನಲ್ಲಿ ಲಂಡನ್ನಿನ ಸಾತ್‌ಬೀಸ್ ಹರಾಜಿನಲ್ಲಿ ಒಂದು ಹಳೆಯ ನಕ್ಷೆ ಪುಸ್ತಕ 21 ಲಕ್ಷ ಪೌಂಡಿಗೂ ಜಾಸ್ತಿ ಬೆಲೆಗೆ ಹೋಯಿತು. 1477ರಲ್ಲಿ ಇಟಲಿಯ ಬೊಲೋನ್ಯಾದಲ್ಲಿ ಅಚ್ಚಾದ, ಪ್ರಾಚೀನ ಭೂಗೋಳಜ್ಞ ಟಾಲೆಮಿಯ ಅಟ್ಲಾಸ್ (ನಕ್ಷೆಗಳ ಪುಸ್ತಕ) ಅದು. ಒಳಗೆ 26 ನಕ್ಷೆಗಳು. ತಾಮ್ರದ ತಗಡಿನಲ್ಲಿ ಕೊರೆದು ಅಚ್ಚು ಹಾಕಿದ ನಕ್ಷೆಗಳಿರುವ ಮೊದಲ ಅಟ್ಲಾಸ್ ಇದೇ. ಈಗ ಉಳಿದಿರುವ ಪ್ರತಿಗಳು ಸುಮಾರು ಮೂವತ್ತು ಮಾತ್ರ.

ಕಾಸರಗೋಡಿನವರಾದ ನಮಗೆ ನಕ್ಷೆ ಅಂದರೆ ಸುಮ್ನೆ ಗೋಡೆಗೆ ತೂಗುಹಾಕುವ ಚಿತ್ರವಲ್ಲ. 1956ರ ನವೆಂಬರ್ 1ರಂದು ನಮ್ಮ ತಾಲೂಕು ದಕ್ಷಿಣ ಕನ್ನಡದಿಂದ ಕೇರಳಕ್ಕೆ ಹೋಯಿತು. ಮನೆ, ತೋಟ, ದೇವಸ್ಥಾನ ಎಲ್ಲ ಇದ್ದಲ್ಲೇ ಇದ್ದವು, ರಾಜ್ಯ ಮಾತ್ರ ಬೇರೆ. 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಆಗಿನ ಮೈಸೂರಿಗೆ ಸೇರಲಿ ಎಂದಿತು. ಅದು ಜಾರಿಯಾಗಲಿಲ್ಲ. ಹಾಗಾಗಿ ಯಾವ ಹಳೆಯ ನಕ್ಷೆ ಕಂಡರೂ ನಾನು ಮೊದಲು ಹುಡುಕುವುದು ಚಂದ್ರಗಿರಿಯನ್ನೇ.

ಟಾಲೆಮಿಯ ನಕ್ಷೆಯಲ್ಲಿ ಹುಡುಕಿದರೆ ತಲೆ ತಿರುಗುತ್ತದೆ. ಅವನು ಎರಡನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದಲ್ಲಿದ್ದವನು. ನಾವಿಕರು, ವ್ಯಾಪಾರಿಗಳು ಹೇಳಿದ್ದನ್ನೆಲ್ಲ ಕೂಡಿಸಿ ಊರೂರಿಗೂ ಅಕ್ಷಾಂಶ, ರೇಖಾಂಶ ಬರೆದಿಟ್ಟ. ಅವನ ಲೆಕ್ಕದಲ್ಲಿ ಭಾರತ ದಕ್ಷಿಣಕ್ಕೆ ಚಾಚಿಕೊಂಡೇ ಇಲ್ಲ. ನಮ್ಮ ಪಡುವಣ ಕರಾವಳಿ ಪೂರ್ವಕ್ಕೆ ಅಡ್ಡ ಮಲಗಿದೆ. ಅದರ ಕೆಳಗೆ ಲಂಕೆ, ನಿಜಕ್ಕಿಂತ ಎಷ್ಟೋ ಪಟ್ಟು ಉಬ್ಬಿದೆ. ಆದರೂ ಕೇರಳದ ಹಳೆಯ ಬಂದರು ಮುಜಿರಿಸ್‌ನ ಹೆಸರಿದೆ, ಒಳನಾಡಿನ ನಮ್ಮ ಬನವಾಸಿಯ ಹೆಸರೂ ಇದೆ! ಆಕಾರ ತಪ್ಪಿದರೂ ಊರಿನ ಹೆಸರು ಅಷ್ಟು ದೂರ ಹೋಗಿ ತಲುಪಿತ್ತು ಅನ್ನುವುದೇ ನನಗೆ ದೊಡ್ಡ ವಿಷಯ.

ಟಾಲೆಮಿ ಬರೆದಿಟ್ಟ ಆ ಮೂಲ ಪುಸ್ತಕ 15ನೇ ಶತಮಾನದ ಮೊದಲಲ್ಲಿ ಲ್ಯಾಟಿನ್ನಿಗೆ ಬಂತು. 1475ರಲ್ಲಿ ವಿಚೆಂಝಾದಲ್ಲಿ ಅಚ್ಚಾದಾಗ ನಕ್ಷೆಗಳಿರಲಿಲ್ಲ. ಬೊಲೋನ್ಯಾದ ಮರುವರ್ಷ ರೋಮಿನಲ್ಲೂ ನಕ್ಷೆಗಳ ಸಮೇತ ಬಂತು. ಬೊಲೋನ್ಯಾದ ಪುಸ್ತಕದ ಕೊನೆಯಲ್ಲಿ ಇಸವಿ ತಪ್ಪಾಗಿ 1462 ಎಂದು ಅಚ್ಚಾಗಿದೆ. ಅಚ್ಚುಮನೆಯ ಆ ಒಂದು ತಪ್ಪು ಪಂಡಿತರಿಗೆ ಬಹಳ ಕಾಲ ತಲೆನೋವಾಗಿತ್ತು.

ತಾಮ್ರದಲ್ಲಿ ಕೊರೆದು ನಕ್ಷೆ ಅಚ್ಚು ಹಾಕುವ ಕೆಲಸವಂತೂ ಸುಲಭದ್ದಲ್ಲ. ನುಣುಪು ಮಾಡಿದ ತಾಮ್ರದ ತಗಡಿನಲ್ಲಿ ಚೂಪು ಉಳಿಯಿಂದ ಎಲ್ಲವನ್ನೂ ತಿರುಗುಮುರುಗಾಗಿ ಕೊರೆಯಬೇಕು, ಊರಿನ ಹೆಸರುಗಳನ್ನು ಕೂಡ. ಗೀರುಗಳೊಳಗೆ ಮಸಿ ತುಂಬಿ, ಮೇಲಿನದ್ದನ್ನು ಬಟ್ಟೆಯಿಂದ ಒರೆಸಿ, ಒದ್ದೆ ಕಾಗದ ಹಾಸಿ ಬಲವಾಗಿ ಒತ್ತಬೇಕು. ಆಗ ಕಾಗದ ಗೀರಿನೊಳಗಿಳಿದು ಮಸಿ ಹೀರುತ್ತದೆ. ತಗಡಿನ ಅಂಚು ಕಾಗದದ ಮೇಲೆ ಸುತ್ತಲೂ ತಗ್ಗು ಉಳಿಸುತ್ತದೆ. ಬೆರಳಾಡಿಸಿದರೆ ಗೊತ್ತಾಗುತ್ತದೆ. ತಾಮ್ರದ ಇನ್ನೊಂದು ಅನುಕೂಲವೆಂದರೆ, ತಪ್ಪಾದ ಕಡೆ ಹಿಂದಿನಿಂದ ತಟ್ಟಿ, ಸಮ ಮಾಡಿ, ಮತ್ತೆ ಕೊರೆಯಬಹುದು.

1498ರಲ್ಲಿ ಪೋರ್ಚುಗೀಸರು ಕಲ್ಲಿಕೋಟೆಗೆ ಬಂದ ಮೇಲೆ ಚಿತ್ರ ಬೇಗ ಬದಲಾಯಿತು. 1502ರ ಕಾಂಟಿನೋ ನಕ್ಷೆಯಲ್ಲಿ, ಅದು ಕೈಯಲ್ಲಿ ಬರೆದದ್ದು, ಭಾರತ ದಕ್ಷಿಣಕ್ಕೆ ಚಾಚಿದೆ. ಅದೇ ಶತಮಾನದ ಶುರುವಿನಲ್ಲಿ ಬಾರ್ಬೋಸಾ ಎಂಬ ಪೋರ್ಚುಗೀಸ, ನಮ್ಮ ಕಾಸರಗೋಡಿನ ಕುಂಬಳೆಯಿಂದ ಮಾಲ್ದೀವಿಗೆ ಅಕ್ಕಿ ಹೋಗುವುದನ್ನು ಬರೆದಿಟ್ಟ. 1570ರಲ್ಲಿ ಆಂಟ್‌ವರ್ಪಿನ ಓರ್ಟೇಲಿಯಸ್ 53 ನಕ್ಷೆಗಳ ಪುಸ್ತಕ ತಂದ. ‘ಅಟ್ಲಾಸ್’ ಎಂಬ ಹೆಸರು ಬಂದದ್ದು 1595ರಲ್ಲಿ, ನಕ್ಷೆಗಾರ ಮರ್ಕೇಟರನ ಪುಸ್ತಕದಿಂದ.

ಇಂಥ ಪುಸ್ತಕ ಇಡಿಯಾಗಿ ಉಳಿಯುವುದು ಕಷ್ಟ. ಒಂದೊಂದೇ ಹಾಳೆ ಬಿಚ್ಚಿ ಫ್ರೇಮು ಹಾಕಿ ಮಾರಿದರೆ ಲಾಭ ಜಾಸ್ತಿ, ಅಲ್ವಾ? ಅಮೆರಿಕದಲ್ಲಿ 2005ರಲ್ಲಿ ಸಿಕ್ಕಿಬಿದ್ದ ಒಬ್ಬ ನಕ್ಷೆ ವ್ಯಾಪಾರಿ, ಲೈಬ್ರರಿಗಳಿಂದ 97 ನಕ್ಷೆ ಕದ್ದದ್ದನ್ನು ಒಪ್ಪಿಕೊಂಡ. ಅವನು ಸಿಕ್ಕಿಬಿದ್ದದ್ದು ಯೇಲ್ ವಿಶ್ವವಿದ್ಯಾಲಯದ ಲೈಬ್ರರಿಯ ನೆಲದ ಮೇಲೆ ಬಿದ್ದಿದ್ದ ಒಂದು ಬ್ಲೇಡಿನಿಂದ. ನನಗೆ ಇದು ಬರೀ ಕಳ್ಳತನವಾಗಿ ಕಾಣುವುದಿಲ್ಲ. ಟಾಲೆಮಿಯಲ್ಲಿ ಭಾರತ ಇರುವುದು ಏಷ್ಯಾದ 10ನೇ ನಕ್ಷೆಯಲ್ಲಿ, ಲಂಕೆ ಇರುವುದು 12ನೆಯದರಲ್ಲಿ. ಒಂದು ಹಾಳೆ ಒಂದು ಮನೆಗೆ, ಇನ್ನೊಂದು ಇನ್ನೊಂದು ಮನೆಗೆ ಹೋದರೆ, ಅಡ್ಡ ಮಲಗಿದ ಕರಾವಳಿಯನ್ನೂ ಉಬ್ಬಿದ ಲಂಕೆಯನ್ನೂ ಒಟ್ಟಿಗೆ ನೋಡುವವರು ಯಾರು?