ಪದ ಪರಿಚಯ: ಅಮೂರ್ತ ಭೂದೃಶ್ಯ

ಮೂರ್ತವೆಂದರೆ ಆಕಾರ ತಳೆದದ್ದು, ಅಮೂರ್ತವೆಂದರೆ ಆಕಾರವಿಲ್ಲದ್ದು. ದೃಶ್ಯವಾದರೋ ಕಣ್ಣಿಗೆ ಕಾಣುವಂಥದ್ದು. ಹೀಗಿರುವಾಗ ಚಿತ್ರವೊಂದರ ಪಕ್ಕದ ಚೀಟಿಯಲ್ಲಿ ‘ಅಮೂರ್ತ ಭೂದೃಶ್ಯ’ ಎಂದು ಓದಿದವರಿಗೆ ಸಂದೇಹ ಮೂಡುವುದು ಸಹಜ. ಇಲ್ಲಿ ಅಮೂರ್ತ ಎಂಬುದನ್ನು ‘ಹೋಲಿಕೆಯನ್ನು ಬಿಟ್ಟದ್ದು’ ಎಂದು ಅರ್ಥಮಾಡಿಕೊಳ್ಳುವುದು ಸರಿ. ಕಲಾವಿದರು ತೆಂಗು, ದೋಣಿ, ಗುಡ್ಡಗಳ ಹೋಲಿಕೆಯನ್ನು ಕೈಬಿಟ್ಟು ಆ ಸ್ಥಳದ ಬಣ್ಣ, ಪದರ, ಬಿರುಕು, ಚಲನೆಗಳನ್ನು ಉಳಿಸಿಕೊಳ್ಳುತ್ತಾರೆ. ಚಿತ್ರಕಲಾವಿದ ರಾಮ್ ಕುಮಾರ್ 1960ರಲ್ಲಿ ಕಾಶಿಗೆ ಹೋಗಿಬಂದ ನಂತರದ ಚಿತ್ರಗಳಲ್ಲಿ ನದಿಯ ಘಾಟುಗಳು, ಮನೆಗಳೆಲ್ಲ ಕ್ರಮೇಣ ಬಣ್ಣದ ತುಂಡುಗಳಾಗಿ ಕರಗಿದ್ದು ಇದೇ ಬಗೆಯದು. ಉಡುಪಿ ಸಮೀಪದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಜನಿಸಿದ ಚಿತ್ರಕಲಾವಿದ ಕೆ. ಕೆ. ಹೆಬ್ಬಾರರು ಅಮೂರ್ತ ಕಲೆಗೆ ಹೆಸರಾದವರಲ್ಲ. ಆದರೂ ಕೆಲವೇ ಗೆರೆಗಳಲ್ಲಿ ಕುಣಿತದ ಓಟವನ್ನು ಹಿಡಿದ ಅವರ ರೇಖಾಚಿತ್ರಗಳನ್ನು ಕಂಡವರಿಗೆ ಏನನ್ನು ಬಿಡಬೇಕು, ಏನನ್ನು ಉಳಿಸಬೇಕು ಎಂಬ ಈ ವಿವೇಕ ಅಪರಿಚಿತವಲ್ಲ.

ಪರಿಸರದ ಕಾಳಜಿಯುಳ್ಳವರು ಈ ಪ್ರಕಾರದತ್ತ ಒಲಿಯುವುದೇಕೆ ಎಂಬುದನ್ನು ನಮ್ಮ ಕರಾವಳಿಯೇ ತಿಳಿಸುತ್ತದೆ. ಉಳ್ಳಾಲದ ಕಡಲ್ಕೊರೆತವನ್ನು ಇದ್ದ ಹಾಗೆಯೇ ಬಿಡಿಸಿದರೆ ಬುಡ ಕಳಚಿದ ತೆಂಗು, ಕುಸಿದ ಗೋಡೆ, ತಡೆಗೆಂದು ಸುರಿದ ಬಂಡೆಗಲ್ಲುಗಳು ಚಿತ್ರದಲ್ಲಿ ಬರುತ್ತವೆ. ಆದರೆ ಅದು ಒಂದು ದಿನದ ನೋಟ ಮಾತ್ರ. ಕೊರೆತವೆಂಬುದು ಮಳೆಗಾಲದಿಂದ ಮಳೆಗಾಲಕ್ಕೆ ನಡೆಯುವ ಕ್ರಿಯೆ, ಮತ್ತು ಅದರಲ್ಲಿ ಮುಖ್ಯವಾದದ್ದು ಈಗ ಅಲ್ಲಿಲ್ಲದ ನೆಲ. ದಡದ ಗೆರೆಯೊಂದನ್ನೇ ಎಳೆದು, ಒದ್ದೆ ಬಟ್ಟೆಯಿಂದ ಒರೆಸಿ, ಒರೆಸಿದ ಗುರುತಿಗೆ ತುಸು ಹಿಂದೆ ಇನ್ನೊಂದನ್ನು ಎಳೆಯುತ್ತ ಹೋದ ಕ್ಯಾನ್ವಾಸಿನಲ್ಲಿ ಆ ಇಲ್ಲದ ನೆಲವೂ ಕಾಣಸಿಗುತ್ತದೆ.

ನನಗೆ ಇನ್ನೂ ಹತ್ತಿರವೆನಿಸುವುದು ಮುರಕಲ್ಲಿನ, ಅಂದರೆ ಕರಾವಳಿಯ ಕೆಂಪು ಜಂಬಿಟ್ಟಿಗೆಯ, ನಿದರ್ಶನ. ಕರಾವಳಿಯ ಹಳೆಯ ಕಾವಿ ಕಲೆಯಲ್ಲಿ ಸುಣ್ಣದ ಗಾರೆಯ ಬಿಳಿ ಗೋಡೆಗೆ ಕೆಮ್ಮಣ್ಣಿನ ಲೇಪ ಕೊಟ್ಟು, ಅದನ್ನು ಮೊನೆಯಿಂದ ಕೆರೆದು, ಒಳಗಿನ ಬಿಳಿಯಲ್ಲಿ ಬಳ್ಳಿಗಳನ್ನೂ ದೇವರ ರೂಪಗಳನ್ನೂ ಮೂಡಿಸುತ್ತಿದ್ದರು. ಇಂದಿನ ಕಲಾವಿದರೊಬ್ಬರು ಅದೇ ಕೆಂಪು ಲೇಪವನ್ನು ಚಪ್ಪಟೆ ಅಲಗಿನಿಂದ ನೇರ ಗೆರೆಗಳಲ್ಲಿ ಕೊಯ್ದು ಎಬ್ಬಿಸಿದರೆ, ಮುರಕಲ್ಲನ್ನು ಕೊಯ್ದು ತೆಗೆಯುವ ಕೋರೆಯ ಯಂತ್ರದ ಗರಗಸ ನೆಲಕ್ಕೆ ಮಾಡುವುದನ್ನೇ ಅವರು ಕ್ಯಾನ್ವಾಸಿಗೆ ಮಾಡಿದಂತಾಗುತ್ತದೆ. ಮಳೆ ಬಿದ್ದೊಡನೆ ಪುಟ್ಟ ಹೂಗಳನ್ನೂ ಹುಳ ಹಿಡಿಯುವ ಗಿಡಗಳನ್ನೂ ಹೊರುವ ಮುರಕಲ್ಲಿನ ಹಾಸಿನ ಮೇಲೆ ಇರುವುದು ತೆಳ್ಳನೆಯ ಮಣ್ಣು. ಒಮ್ಮೆ ಕೊಯ್ದರೆ ಅದು ನಮ್ಮ ಆಯುಷ್ಯದಲ್ಲಿ ಮರಳುವುದಿಲ್ಲ. ಕೋರೆಯ ಚಿತ್ರವಿಲ್ಲದೆಯೂ ಕೋರೆಯ ಗಾಯ ಇಲ್ಲಿ ಕಾಣುತ್ತದೆ.

ಮನಬಂದಂತೆ ಚೆಲ್ಲಿದ ಬಣ್ಣಕ್ಕೆ ಈ ಹೆಸರು ಸಲ್ಲದು. ಒಂದು ನಿರ್ದಿಷ್ಟ ಸ್ಥಳವನ್ನು ಬಹುಕಾಲ ನೋಡಿದ ಗುರುತು ಕೃತಿಯಲ್ಲಿರಬೇಕು. ಯಾವ ಊರಿನ ಹೆಸರಿಟ್ಟರೂ ಒಪ್ಪುವ ಚಿತ್ರವನ್ನು ನಾನಂತೂ ಭೂದೃಶ್ಯವೆನ್ನಲಾರೆ. ಮಲಿನಗೊಂಡ ನೀರಿನಲ್ಲಿ ಕಾಣುವ ಬಣ್ಣಗಳನ್ನು ಕೇವಲ ಅಂದಕ್ಕಾಗಿ ಬಳಸುವ ಅಪಾಯವೂ ಈ ಪ್ರಕಾರದಲ್ಲಿದೆ. ಇನ್ನು, ಬಹಳ ಮಂದಿ ಬಳಸುವ ಆಕ್ರಿಲಿಕ್ ಬಣ್ಣದ ಅಂಟು ಪ್ಲಾಸ್ಟಿಕ್ ಬಗೆಯದೇ ಆದ್ದರಿಂದ ಕುಂಚ ತೊಳೆದ ನೀರು ಎಲ್ಲಿಗೆ ಹೋಗುತ್ತದೆಂಬುದೂ ಕಲಾವಿದರ ಪ್ರಶ್ನೆಯಾಗಬೇಕು. ಮುರಕಲ್ಲಿನ ಪುಡಿಯನ್ನು ಜರಡಿ ಹಿಡಿದು, ಮರದ ಅಂಟಿನೊಡನೆ ಅರೆದು ಬಣ್ಣ ಮಾಡಿಕೊಳ್ಳಲು ಸಾಧ್ಯವಿದೆ. ಅದು ಹಸಿಯಿದ್ದಾಗ ಕಡುಗೆಂಪಾಗಿ, ಒಣಗಿದಂತೆ ಬೇಸಿಗೆಯ ಗುಡ್ಡದ ಹಾಗೆ ತಿಳಿಯಾಗುತ್ತದೆ.