ಗಾರ್ಡ್ನರ್-ಡೈಮಂಡ್ ಸಿಂಡ್ರೋಮ್: ತನ್ನ ರಕ್ತವೇ ತನಗೆ ಒಗ್ಗದಿರುವುದು ಏಕೆ?

ಪೆಟ್ಟು ಬಿದ್ದಿರುವುದಿಲ್ಲ. ಕಾಲಿನಲ್ಲೋ ತೋಳಿನಲ್ಲೋ ಒಂದು ಕಡೆ ಉರಿ, ತುರಿಕೆ, ನೋವು ಶುರುವಾಗುತ್ತದೆ. ಕೆಲವು ಗಂಟೆಗಳಲ್ಲಿ ಆ ಜಾಗ ಕೆಂಪಾಗಿ ಊದಿ, ಸುಮಾರು ಒಂದು ದಿನದೊಳಗೆ ನೀಲಿಗಟ್ಟುತ್ತದೆ. ಒಂದೆರಡು ವಾರಗಳಲ್ಲಿ ಮಾಸುತ್ತದೆ, ಮತ್ತೆ ಮರುಕಳಿಸುತ್ತದೆ. ಮೊದಲು ನೋವು, ಆಮೇಲೆ ಕಲೆ: ಪರೀಕ್ಷೆಗೆ ಓದುವವರು ಈ ಕ್ರಮವನ್ನು ಮರೆಯಬಾರದು. ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಲು ನೆರವಾಗುವ ಕಣ) ಕಡಿಮೆಯಾಗಿ ಬರುವ ಕಲೆಗಳು ಸಾಮಾನ್ಯವಾಗಿ ನೋಯುವುದಿಲ್ಲ.

1955ರಲ್ಲಿ ಅಮೆರಿಕದ ಫ್ರಾಂಕ್ ಗಾರ್ಡ್ನರ್ ಮತ್ತು ಲೂಯಿಸ್ ಡೈಮಂಡ್ ನಾಲ್ವರು ಮಹಿಳೆಯರಲ್ಲಿ ಇದನ್ನು ಗುರುತಿಸಿದರು. ರೋಗಿಯದೇ ಕೆಂಪು ರಕ್ತಕಣಗಳನ್ನು ಚರ್ಮದೊಳಗೆ ಚುಚ್ಚಿದರೆ ಅಂಥದೇ ಕಲೆ ಮೂಡುತ್ತಿತ್ತು. ಹಿಂದೆಂದೋ ಗಾಯವಾದಾಗ ಸೋರಿದ ರಕ್ತಕಣಗಳ ಪೊರೆಯ ವಿರುದ್ಧ ದೇಹ ತಿರುಗಿಬಿದ್ದಿದೆ ಎಂದು ಅವರು ಊಹಿಸಿದರು. ಪೊರೆಯಲ್ಲಿರುವ ಫಾಸ್ಫಾಟಿಡಿಲ್‌ಸೆರೀನ್ ಎಂಬ ಕೊಬ್ಬಿನಂಶದ ಮೇಲೆ ನಂತರ ಅನುಮಾನ ಬಿತ್ತು. ಆದರೆ ಇದಕ್ಕೆ ಕಾರಣವೆಂದು ಬೊಟ್ಟು ಮಾಡಬಹುದಾದ ಪ್ರತಿಕಾಯ (ರೋಗನಿರೋಧಕ ವ್ಯವಸ್ಥೆ ತಯಾರಿಸುವ ಪ್ರೋಟೀನ್) ಸಿಕ್ಕಿಲ್ಲ. ಹಾಗಾಗಿ ಇದನ್ನು ಸರಳವಾಗಿ 'ಅಲರ್ಜಿ' ಎಂದು ಬರೆದರೆ ತಪ್ಪಾಗುತ್ತದೆ.

1968ರಲ್ಲಿ ರಾಟ್ನಾಫ್ ಮತ್ತು ಏಗಲ್ ಎಂಬ ವೈದ್ಯರು ಮನಸ್ಸಿನ ಕಡೆಗೆ ಬೆರಳು ತೋರಿಸಿದರು. ಹಲವರಲ್ಲಿ ತೀವ್ರ ಮಾನಸಿಕ ಆಘಾತದ ಬೆನ್ನಿಗೇ ಕಲೆಗಳು ಬರುತ್ತವೆ. ಒತ್ತಡದ ಹಾರ್ಮೋನುಗಳು ಏರಿ, ಚರ್ಮದಲ್ಲಿ ಹೆಪ್ಪು ಕರಗಿಸುವ ವ್ಯವಸ್ಥೆ ಅತಿಯಾಗಿ ಚುರುಕಾಗುತ್ತದೆ ಎಂಬುದು ಒಂದು ವಿವರಣೆ, ಅದೂ ಸಾಬೀತಾಗಿಲ್ಲ. ಒತ್ತಡ ಕಾರಣವೆಂದರೆ ರೋಗಿ ನಾಟಕವಾಡುತ್ತಿದ್ದಾಳೆ ಎಂದರ್ಥವಲ್ಲ. ಈ ಎರಡನ್ನೂ ಒಂದೇ ಎಂದುಕೊಂಡು ರೋಗಿಯನ್ನು ನೋಯಿಸುವುದು ಅನ್ಯಾಯ.

ಚರ್ಮದ ಪರೀಕ್ಷೆ ಹೀಗೆ: ರೋಗಿಯ ಕೆಂಪು ರಕ್ತಕಣಗಳನ್ನು ಸಲೈನಿನಲ್ಲಿ, ಅಂದರೆ ಉಪ್ಪುನೀರಿನ ದ್ರಾವಣದಲ್ಲಿ, ತೊಳೆದು (ಇಲ್ಲವಾದರೆ ರಕ್ತದ ದ್ರವಭಾಗವಾದ ಪ್ಲಾಸ್ಮಾದಿಂದ ಪ್ರತಿಕ್ರಿಯೆ ಬಂತೋ ಕಣದಿಂದ ಬಂತೋ ತಿಳಿಯದು), ಸುಮಾರು 0.1 ಮಿ.ಲೀ.ಯನ್ನು ಚರ್ಮದೊಳಗೆ ಚುಚ್ಚಬೇಕು. ಹೋಲಿಕೆಗೆ ಪಕ್ಕದಲ್ಲಿ ಬರೀ ಸಲೈನ್. ಬೆನ್ನಿನ ಮೇಲೆ, ಕೈಗೆಟುಕದ ಜಾಗವಾದರೆ ಒಳ್ಳೆಯದು: ಕೆರೆದುಕೊಂಡಿದ್ದರಿಂದ ಕಲೆ ಬಂತೇ ಎಂಬ ಸಂಶಯ ಉಳಿಯುವುದಿಲ್ಲ. 24 ಗಂಟೆಯವರೆಗೆ ಗಮನಿಸಬೇಕು. ಕಣ ಚುಚ್ಚಿದ ಕಡೆ ಮಾತ್ರ ನೋವಿನ ಕಲೆ ಮೂಡಿದರೆ ಪಾಸಿಟಿವ್. ನೆಗೆಟಿವ್ ಬಂದರೂ ಕಾಯಿಲೆ ಇಲ್ಲವೆನ್ನಲಾಗದು.

ಪ್ಲೇಟ್‌ಲೆಟ್ ಎಣಿಕೆ, ಹಾಗೂ ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯ ಅಳೆಯುವ ಪಿ.ಟಿ., ಎ.ಪಿ.ಟಿ.ಟಿ. ಪರೀಕ್ಷೆಗಳು ಇಲ್ಲಿ ಸಾಮಾನ್ಯವಾಗಿಯೇ ಇರುತ್ತವೆ. ಇವನ್ನು ನೋಡುವುದರ ಜೊತೆಗೆ ವಾನ್ ವಿಲ್ಲೆಬ್ರಾಂಡ್ ಕಾಯಿಲೆ (ರಕ್ತಸ್ರಾವದ ಒಂದು ಕಾಯಿಲೆ), ರಕ್ತನಾಳದ ಉರಿಯೂತ, ಮನೆಯಲ್ಲಿ ಹೊಡೆತ ತಿನ್ನುತ್ತಿರುವ ಸಾಧ್ಯತೆ, ಇವೆಲ್ಲವನ್ನೂ ತಳ್ಳಿಹಾಕಿದ ಮೇಲಷ್ಟೇ ಈ ಹೆಸರನ್ನು ಕೇಸ್ ಶೀಟಿನಲ್ಲಿ ಬರೆಯಬೇಕು.